ಮಧ್ಯಾಹ್ನ ಚಿಕಿತ್ಸೆ, ಸಂಜೆಗೆ ಮನೆ: ಮಕ್ಕಳ ತೀವ್ರ ಹೊರರೋಗಿ ಮಾನಸಿಕ ಚಿಕಿತ್ಸೆ ಹೇಗೆ ನಡೆಯುತ್ತದೆ?

ಮನೋವೈದ್ಯರ ಕೋಣೆಯಿಂದ ಹೊರಬಂದ ಅಪ್ಪ ಅಮ್ಮನ ಕೈಯಲ್ಲಿ ಒಂದು ಚೀಟಿ. ಅದರಲ್ಲಿ ಬರೆದಿರುವುದು: ‘ತೀವ್ರ ಹೊರರೋಗಿ ಚಿಕಿತ್ಸೆ. ವಾರಕ್ಕೆ ಮೂರು ದಿನ, ದಿನಕ್ಕೆ ಮೂರು ಗಂಟೆ, ಎಂಟು ವಾರ.’ ಓದಿದವರಿಗೆ ಮೊದಲು ಬರುವುದು ಗೊಂದಲ. ಅಷ್ಟು ತೀವ್ರವಾಗಿದ್ದರೆ ಆಸ್ಪತ್ರೆಗೆ ಯಾಕೆ ಸೇರಿಸಿಕೊಳ್ಳಲಿಲ್ಲ? ಮನೆಯಲ್ಲೇ ಇರಬಹುದು ಅನ್ನುವುದಾದರೆ ವಾರಕ್ಕೆ ಮೂರು ದಿನ ಯಾಕೆ ಬರಬೇಕು?

ಇಲ್ಲಿ ‘ತೀವ್ರ’ ಎಂಬ ಮಾತು ಚಿಕಿತ್ಸೆಗೆ ಸಂಬಂಧಿಸಿದ್ದು. ಸಾಮಾನ್ಯವಾಗಿ ತಿಂಗಳುಗಟ್ಟಲೆ ಹರಡಿಕೊಳ್ಳುವ ಕೆಲಸವನ್ನು ಕೆಲವೇ ವಾರಗಳಲ್ಲಿ ಒತ್ತೊತ್ತಾಗಿ ಮಾಡುತ್ತಾರೆ ಎಂದು ಅದರ ಅರ್ಥ. ‘ಹೊರರೋಗಿ’ ಎಂದರೆ ಮಗು ರಾತ್ರಿ ಮಲಗುವುದು ತನ್ನ ಮನೆಯಲ್ಲೇ. ಈ ಎರಡನೆಯ ಅಂಶವೇ ಇಡೀ ವ್ಯವಸ್ಥೆಯ ಬಲ. ಅಪಾಯ ಇರುವುದೂ ಅಲ್ಲೇ. ಕೇಂದ್ರದಲ್ಲಿ ಮಧ್ಯಾಹ್ನ ಕಲಿತದ್ದನ್ನು ಮಗು ಅದೇ ಸಂಜೆ ಮನೆಯ ಜಗಳದಲ್ಲಿ, ಅದೇ ರಾತ್ರಿ ನಿದ್ದೆ ಬಾರದ ಹೊತ್ತಿನಲ್ಲಿ ಪರೀಕ್ಷಿಸಿ ನೋಡಬಹುದು. ಆದರೆ ಆ ಹೊತ್ತಿನಲ್ಲಿ ಪಕ್ಕದಲ್ಲಿ ನರ್ಸ್ ಇರುವುದಿಲ್ಲ, ಮನೆಯವರು ಮಾತ್ರ ಇರುತ್ತಾರೆ.

ಏಣಿಯ ಮೆಟ್ಟಿಲುಗಳು

ಮಾನಸಿಕ ಆರೋಗ್ಯದ ಆರೈಕೆಯನ್ನು ಒಂದು ಏಣಿ ಎಂದುಕೊಳ್ಳಿ. ಕೆಳಗಿನ ಮೆಟ್ಟಿಲಲ್ಲಿ ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ನಡೆಯುವ 45–50 ನಿಮಿಷಗಳ ಆಪ್ತಸಮಾಲೋಚನೆ ಇದೆ. ತುದಿಯಲ್ಲಿ ದಿನದ 24 ಗಂಟೆಯೂ ಕಣ್ಗಾವಲಿರುವ ಆಸ್ಪತ್ರೆ ವಾರ್ಡ್. ನಡುವೆ ಎರಡು ಮೆಟ್ಟಿಲು. ಒಂದು, ತೀವ್ರ ಹೊರರೋಗಿ ಚಿಕಿತ್ಸೆ. ಇದನ್ನು ಚುಟುಕಾಗಿ ಐಒಪಿ ಎನ್ನುತ್ತಾರೆ. ಹದಿಹರೆಯದವರಿಗೆ ಇದು ವಾರಕ್ಕೆ ಸುಮಾರು 6ರಿಂದ 12 ಗಂಟೆ, ಹೆಚ್ಚಾಗಿ ಶಾಲೆ ಬಿಟ್ಟ ಮೇಲೆ. ಅದಕ್ಕೂ ಮೇಲಿನದು ಹಗಲು ಆಸ್ಪತ್ರೆ. ಅಲ್ಲಿ ವಾರಕ್ಕೆ 20 ಗಂಟೆ ಅಥವಾ ಅದಕ್ಕಿಂತ ಹೆಚ್ಚು, ದಿನಕ್ಕೆ ಐದಾರು ಗಂಟೆ ಇರಬೇಕಾಗುವುದರಿಂದ ಆ ವಾರಗಳಲ್ಲಿ ಮಗು ಮಾಮೂಲಿ ಶಾಲೆಗೆ ಹೋಗಲಾಗುವುದಿಲ್ಲ.

ಮಕ್ಕಳು ಐಒಪಿಗೆ ಬರುವುದು ಎರಡು ದಿಕ್ಕಿನಿಂದ. ಕೆಲವರು ಕೆಳಗಿನಿಂದ ಹತ್ತಿ ಬರುತ್ತಾರೆ: ವಾರಕ್ಕೊಮ್ಮೆ ಸಾಲುತ್ತಿಲ್ಲ, ಪ್ರತಿ ಭೇಟಿಯೂ ಹಿಂದಿನ ವಾರದ ಅವಘಡವನ್ನು ಶಮನ ಮಾಡುವುದರಲ್ಲೇ ಮುಗಿಯುತ್ತಿದೆ. ಉಳಿದವರು ವಾರ್ಡಿನಿಂದ ಇಳಿದು ಬರುತ್ತಾರೆ. ಈ ಎರಡನೆಯ ಗುಂಪಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಮನೋರೋಗ ವಾರ್ಡಿನಿಂದ ಬಿಡುಗಡೆಯಾದ ಮೊದಲ ಮೂರು ತಿಂಗಳು, ಅದರಲ್ಲೂ ಮೊದಲ ಕೆಲವು ವಾರಗಳು, ಆತ್ಮಹತ್ಯೆಯ ಅಪಾಯ ಅತಿ ಹೆಚ್ಚಿರುವ ಕಾಲ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ವಾರ್ಡಿನ ಭದ್ರತೆಯಿಂದ ನೇರವಾಗಿ ತಿಂಗಳಿಗೊಂದು ಅಪಾಯಿಂಟ್‌ಮೆಂಟಿಗೆ ಇಳಿಸುವುದೆಂದರೆ ಏಣಿಯ ತುದಿಯಿಂದ ನೆಲಕ್ಕೆ ಹಾರಲು ಹೇಳಿದಂತೆ.

ಒತ್ತೊತ್ತಾಗಿ ಮಾಡಿದರೆ ಏನು ಲಾಭ?

ವಾರಕ್ಕೆ 168 ಗಂಟೆ. ಮಾಮೂಲಿ ಚಿಕಿತ್ಸೆಯಲ್ಲಿ ಅದರಲ್ಲಿ ಒಂದು ಗಂಟೆ ಮಾತ್ರ ಚಿಕಿತ್ಸಕರ ಜೊತೆ ಕಳೆಯುತ್ತದೆ. ಸೋಮವಾರ ಕಲಿತದ್ದನ್ನು ಬುಧವಾರ ಪ್ರಯತ್ನಿಸಿ, ಸೋತು, ‘ಇದೆಲ್ಲ ನನಗೆ ಕೆಲಸ ಮಾಡಲ್ಲ’ ಎಂದು ತೀರ್ಮಾನಿಸಿದ ಹುಡುಗ ಮುಂದಿನ ಸೋಮವಾರದ ಹೊತ್ತಿಗೆ ಅದನ್ನು ಮರೆತೇಬಿಟ್ಟಿರುತ್ತಾನೆ. ವಾರಕ್ಕೆ ಮೂರು ದಿನ ಬರುವ ಹುಡುಗ ಬುಧವಾರದ ಸೋಲನ್ನು ಗುರುವಾರವೇ ಬಿಚ್ಚಿ ಹೇಳುತ್ತಾನೆ. ಎಲ್ಲಿ ತಪ್ಪಿತು ಎಂದು ನೆನಪು ಹಸಿಯಾಗಿರುವಾಗಲೇ ನೋಡಿ, ತಿದ್ದಿ, ಮತ್ತೆ ಪ್ರಯತ್ನಿಸಬಹುದು. ಈಜು ಕಲಿಯುವವರನ್ನು ತಿಂಗಳಿಗೊಮ್ಮೆ ನೀರಿಗಿಳಿಸಿದರೆ ಪ್ರತಿ ಸಲವೂ ಮೊದಲ ದಿನದ ಭಯವೇ ಇರುತ್ತದೆ. ಹದಿನೈದು ದಿನ ಬಿಡದೆ ಇಳಿಸಿದರೆ ಮೈ ನೀರಿಗೆ ಒಗ್ಗುತ್ತದೆ.

ಆತಂಕದ ಕಾಯಿಲೆಗಳಲ್ಲಿ ಇದಕ್ಕೆ ಒಳ್ಳೆಯ ಪುರಾವೆ ಇದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರನ್ ಓಸ್ಟ್ 1989ರಲ್ಲಿ ಒಂದು ವಿಧಾನ ಪ್ರಕಟಿಸಿದರು: ನಾಯಿ, ಸೂಜಿ, ಜೇಡ ಇಂಥ ಯಾವುದೋ ಒಂದೇ ವಸ್ತುವಿನ ವಿಪರೀತ ಭಯವನ್ನು ಗರಿಷ್ಠ ಮೂರು ಗಂಟೆಯ ಒಂದೇ ಕೂಟದಲ್ಲಿ ಎದುರಿಸುವುದು. ಮುಂದೆ ಅದನ್ನು ಮಕ್ಕಳಿಗೂ ಯಶಸ್ವಿಯಾಗಿ ಬಳಸಿದರು. ಭಯ ಏರಿ, ತುದಿ ಮುಟ್ಟಿ, ತಾನಾಗಿಯೇ ಇಳಿಯುವುದಕ್ಕೆ ಸಮಯ ಬೇಕು. ಇಳಿಯುವ ಮೊದಲೇ ಗಡಿಯಾರ ನೋಡಿ ಎದ್ದುಬಿಟ್ಟರೆ ಮಗುವಿನ ಮನಸ್ಸಿನಲ್ಲಿ ಉಳಿಯುವುದು ಭಯದ ತುದಿ ಮಾತ್ರ.

ಯಾರಿಗೆ ಹೊಂದುತ್ತದೆ?

ಖಿನ್ನತೆ, ಆತಂಕ, ಗೀಳು ಕಾಯಿಲೆ, ಆಘಾತದ ನಂತರದ ತೊಂದರೆಗಳು, ತನಗೆ ತಾನೇ ಗಾಯ ಮಾಡಿಕೊಳ್ಳುವ ಅಭ್ಯಾಸ, ಶಾಲೆಗೆ ಕಾಲಿಡಲಾಗದ ಸ್ಥಿತಿ, ಆಹಾರ ಸೇವನೆಯ ಕಾಯಿಲೆಗಳು. ರೋಗದ ಹೆಸರಿಗಿಂತ ಮೂರು ಪ್ರಶ್ನೆಗಳು ಹೆಚ್ಚು ಮುಖ್ಯ. ಮಗುವಿನ ದಿನಚರಿ ಎಷ್ಟು ಕುಸಿದಿದೆ? ಈ ರಾತ್ರಿ ಮನೆಯಲ್ಲಿ ಅದು ಸುರಕ್ಷಿತವಾಗಿರಬಲ್ಲದೇ? ಜವಾಬ್ದಾರಿ ಹೊರುವ ಒಬ್ಬ ದೊಡ್ಡವರಾದರೂ ಮನೆಯಲ್ಲಿದ್ದಾರೆಯೇ?

ಕೆಲವು ಸಂದರ್ಭಗಳಲ್ಲಿ ಇದು ಸಲ್ಲದು. ಸಾಯಬೇಕೆಂಬ ಯೋಚನೆಯ ಜೊತೆಗೆ ಉದ್ದೇಶ, ಯೋಜನೆ ಎರಡೂ ಇರುವ ಮಗುವಿಗೆ, ಇಲ್ಲದ ಧ್ವನಿಗಳನ್ನು ಕೇಳಿ ಅವು ಹೇಳಿದಂತೆ ನಡೆಯುತ್ತಿರುವ ಮಗುವಿಗೆ, ಊಟ ಬಿಟ್ಟು ನಾಡಿಬಡಿತ, ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಇಳಿದಿರುವ ಮಗುವಿಗೆ, ಮಾದಕ ವಸ್ತು ಬಿಟ್ಟಾಗ ದೇಹಕ್ಕೆ ಅಪಾಯವಾಗುವ ಹಂತದಲ್ಲಿರುವವರಿಗೆ ಮೇಲಿನ ಮೆಟ್ಟಿಲೇ ಬೇಕು. ಮನೆಯೊಳಗೇ ಹೊಡೆತ ಅಥವಾ ಲೈಂಗಿಕ ದೌರ್ಜನ್ಯ ನಡೆಯುತ್ತಿದ್ದರೆ, ಪ್ರತಿ ಸಂಜೆ ಮಗುವನ್ನು ಅಲ್ಲಿಗೇ ಕಳಿಸುವ ಚಿಕಿತ್ಸೆಗೆ ಅರ್ಥವೇ ಇಲ್ಲ. ಮೊದಲು ಮಗುವಿನ ರಕ್ಷಣೆ ಆಗಬೇಕು.

ಮೊದಲ ಭೇಟಿಯಲ್ಲಿ ಏನು ಕೇಳುತ್ತಾರೆ?

ಸುಮಾರು ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಮಗುವಿನ ಜೊತೆ ಒಂಟಿಯಾಗಿ, ಹೆತ್ತವರ ಜೊತೆ ಒಂಟಿಯಾಗಿ, ಆಮೇಲೆ ಎಲ್ಲರೂ ಸೇರಿ ಮಾತಾಡುತ್ತಾರೆ. ಒಂಟಿಯಾಗಿ ಮಾತಾಡಿಸುವುದನ್ನು ಬಿಟ್ಟುಕೊಡಬಾರದು. ಅಮ್ಮನ ಎದುರು ‘ಏನೂ ಇಲ್ಲ, ಚೆನ್ನಾಗಿದ್ದೀನಿ’ ಎಂದವಳು ಬಾಗಿಲು ಮುಚ್ಚಿದ ಮೇಲೆ ಹೇಳುವುದೇ ಬೇರೆ.

ಜೊತೆಗೆ ಅಂಕ ಕೊಡುವ ಪ್ರಶ್ನಾವಳಿಗಳಿವೆ. ಖಿನ್ನತೆಗೆ ಬಳಸುವ ಪಿಎಚ್‌ಕ್ಯು-9 ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ ಕೇಳುತ್ತದೆ. ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27 ಅಂಕ. 10 ಮುಟ್ಟಿದರೆ ಮಧ್ಯಮ ಮಟ್ಟ, 20 ಮುಟ್ಟಿದರೆ ತೀವ್ರ. ಹದಿಹರೆಯದವರಿಗಾಗಿ ಮಾತು ಬದಲಿಸಿದ ರೂಪವೂ ಇದೆ. ಇದನ್ನು ಒಂದು ಸಲ ತುಂಬಿಸಿ ಫೈಲಿಗೆ ಸೇರಿಸಿದರೆ ಪ್ರಯೋಜನವಿಲ್ಲ. ಪ್ರತಿ ವಾರ ತುಂಬಿಸಬೇಕು. ಜ್ವರಕ್ಕೆ ಥರ್ಮಾಮೀಟರ್ ಇದ್ದ ಹಾಗೆ. 18ರಲ್ಲಿದ್ದ ಅಂಕ ನಾಲ್ಕನೆಯ ವಾರಕ್ಕೂ 17ರಲ್ಲೇ ನಿಂತಿದ್ದರೆ ಯೋಜನೆ ಬದಲಿಸಬೇಕೆಂದು ಅರ್ಥ. ಶುರುವಿನ ಅಂಕದ ಅರ್ಧಕ್ಕಿಳಿದರೆ ಚಿಕಿತ್ಸೆಗೆ ಮಗು ಸ್ಪಂದಿಸಿದೆ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ.

ಸಾವಿನ ಬಗ್ಗೆ ನೇರವಾಗಿಯೇ ಕೇಳುತ್ತಾರೆ: ‘ಸತ್ತುಹೋದರೆ ಚೆನ್ನಾಗಿತ್ತು ಅನಿಸಿದೆಯಾ? ಹೇಗೆ ಅಂತ ಯೋಚಿಸಿದ್ದೀಯಾ?’ ಕೇಳುವುದರಿಂದ ಆ ಯೋಚನೆ ಮಗುವಿನ ತಲೆಗೆ ಹೊಕ್ಕುತ್ತದೆ ಎಂಬ ಹೆದರಿಕೆ ಬಹಳ ಮನೆಗಳಲ್ಲಿದೆ. ಅದು ನಿಜವಲ್ಲ. ನೇರವಾಗಿ, ಮೆತ್ತಗೆ ಕೇಳಿದಾಗ ಹೆಚ್ಚಿನ ಮಕ್ಕಳಿಗೆ ಒಂಟಿಯಾಗಿ ಹೊತ್ತಿದ್ದ ಭಾರ ಇಳಿಸಿದಂತಾಗುತ್ತದೆ.

ಗುಟ್ಟಿನ ನಿಯಮವನ್ನೂ ಅಂದೇ ಹೇಳಿಬಿಡಬೇಕು. ಮಗು ಹೇಳಿದ್ದೆಲ್ಲ ಹೆತ್ತವರಿಗೆ ತಲುಪುವುದಿಲ್ಲ. ಆದರೆ ಜೀವಕ್ಕೆ ಅಪಾಯ, ಬೇರೆಯವರಿಗೆ ಅಪಾಯ, ದೌರ್ಜನ್ಯ ಈ ಮೂರು ವಿಷಯ ಬಂದರೆ ಮುಚ್ಚಿಡಲಾಗುವುದಿಲ್ಲ. ಮೊದಲೇ ಗೊತ್ತಿದ್ದರೆ ಮುಂದೆ ಯಾವತ್ತೋ ಹೇಳಬೇಕಾಗಿ ಬಂದಾಗ ಮಗುವಿಗೆ ಮೋಸವಾಯಿತು ಅನಿಸುವುದಿಲ್ಲ.

ಆ ಮೂರು ಗಂಟೆ

ದಿನ ಹೀಗೆ ಸಾಗುತ್ತದೆ. ಬಂದ ಕೂಡಲೇ ಹದಿನೈದು ನಿಮಿಷ ವಿಚಾರಣೆ: ನಿನ್ನೆ ನಿದ್ದೆ ಎಷ್ಟು, ಗಾಯ ಮಾಡಿಕೊಳ್ಳುವ ಸೆಳೆತ ಬಂತಾ, ಹತ್ತರಲ್ಲಿ ಎಷ್ಟು ಜೋರಾಗಿತ್ತು, ಏನು ಮಾಡಿದೆ. ಇದಕ್ಕೊಂದು ದಿನಚರಿ ಕಾರ್ಡ್ ಇರುತ್ತದೆ, ಅದನ್ನು ಮಗು ಮನೆಯಲ್ಲೇ ತುಂಬಿಕೊಂಡು ಬರಬೇಕು. ಆಮೇಲೆ ಕೌಶಲಗಳ ಪಾಠ, ಸಣ್ಣ ಬಿಡುವು, ಎರಡನೆಯ ಗುಂಪು ಕೂಟ. ಕೊನೆಯಲ್ಲಿ ‘ಈ ಸಂಜೆ ಏನು ಮಾಡುತ್ತೀಯ?’ ಎಂಬ ಪ್ರಶ್ನೆಗೆ ಉತ್ತರ ಹೇಳಿಯೇ ಮನೆಗೆ ಹೊರಡುವುದು. ಗುಂಪಿನಲ್ಲಿ ಆರರಿಂದ ಹತ್ತು ಮಕ್ಕಳು, ಸಾಮಾನ್ಯವಾಗಿ ಇಬ್ಬರು ಚಿಕಿತ್ಸಕರು. ವಾರಕ್ಕೊಮ್ಮೆ ಒಂಟಿ ಕೂಟ, ಒಮ್ಮೆ ಕುಟುಂಬದ ಕೂಟ.

ಪಾಠದ ಹೆಚ್ಚಿನ ಭಾಗ ಎರಡು ಮೂಲದಿಂದ ಬಂದದ್ದು. ಯೋಚನೆ, ಭಾವನೆ, ನಡವಳಿಕೆಗಳ ನಡುವಿನ ಕೊಂಡಿ ತೋರಿಸಿ ತಿದ್ದುವ ಸಿಬಿಟಿ ಒಂದು. ಇನ್ನೊಂದು ಡಿಬಿಟಿ. ಇದನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ಪದೇ ಪದೇ ಆತ್ಮಹತ್ಯೆಗೆ ಯತ್ನಿಸುತ್ತಿದ್ದ ವಯಸ್ಕರಿಗಾಗಿ ರೂಪಿಸಿದರು. ಅದರ ಕೈಪಿಡಿ 1993ರಲ್ಲಿ ಬಂತು. ಅರಿವಿನಿಂದಿರುವುದು, ಸಂಕಟ ತಾಳಿಕೊಳ್ಳುವುದು, ಭಾವನೆ ನಿಭಾಯಿಸುವುದು, ಸಂಬಂಧ ನಿಭಾಯಿಸುವುದು ಎಂದು ನಾಲ್ಕು ಭಾಗ. ಅಲೆಕ್ ಮಿಲ್ಲರ್ ಮತ್ತು ಜಿಲ್ ರಾಥಸ್ ಅದನ್ನು ಹದಿಹರೆಯದವರಿಗೆ ಹೊಂದಿಸುವಾಗ ಐದನೆಯ ಭಾಗ ಸೇರಿಸಿದರು: ಮಧ್ಯದ ದಾರಿ. ‘ಅಮ್ಮ ಹೇಳುವುದೇ ಸರಿ’, ‘ನಾನು ಹೇಳುವುದೇ ಸರಿ’ ಎಂಬ ಹಗ್ಗಜಗ್ಗಾಟದಲ್ಲಿ ಎರಡರಲ್ಲೂ ಇರುವ ನಿಜವನ್ನು ಹುಡುಕುವ ಅಭ್ಯಾಸ ಅದು. ಈ ಪಾಠಕ್ಕೆ ಹೆತ್ತವರೂ ಕೂರಬೇಕು.

ಒಂದು ಕೌಶಲವನ್ನು ಹತ್ತಿರದಿಂದ ನೋಡೋಣ. ಸಂಕಟ ತಲೆಗೇರಿ, ಯಾವ ಬುದ್ಧಿಮಾತೂ ಕಿವಿಗೆ ಬೀಳದ ಹೊತ್ತಿನಲ್ಲಿ ತಣ್ಣೀರಿನ ಬೋಗುಣಿಗೆ ಉಸಿರು ಬಿಗಿಹಿಡಿದು ಹದಿನೈದರಿಂದ ಮೂವತ್ತು ಸೆಕೆಂಡು ಮುಖ ಅದ್ದುವುದು. ಇಲ್ಲವೇ ತಣ್ಣನೆಯ ಒದ್ದೆ ಬಟ್ಟೆಯನ್ನು ಕಣ್ಣು, ಕೆನ್ನೆಗಳ ಮೇಲೆ ಒತ್ತಿಕೊಂಡು ಮುಂದಕ್ಕೆ ಬಾಗುವುದು. ನೀರಿನಲ್ಲಿ ಮುಳುಗಿದಾಗ ಎದೆಬಡಿತವನ್ನು ತಾನಾಗಿಯೇ ನಿಧಾನಗೊಳಿಸುವ ಗುಣ ನಮ್ಮ ಶರೀರಕ್ಕಿದೆ. ಈ ಕ್ರಮ ಅದನ್ನೇ ಎಬ್ಬಿಸುತ್ತದೆ. ಸಮಸ್ಯೆ ಇದರಿಂದ ಬಗೆಹರಿಯುವುದಿಲ್ಲ. ಯೋಚಿಸಲು ಬೇಕಾದ ಕೆಲವು ನಿಮಿಷ ಸಿಗುತ್ತದೆ. ಹೃದಯದ ತೊಂದರೆ ಇರುವವರು, ಊಟ ಬಿಟ್ಟು ನಾಡಿಬಡಿತ ಇಳಿದಿರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಒಂದು ಸಂಜೆಯನ್ನು ಕೊಂಡಿ ಕೊಂಡಿಯಾಗಿ ಬಿಡಿಸುವುದು

ಮಗು ತನಗೆ ತಾನೇ ಗಾಯ ಮಾಡಿಕೊಂಡರೆ ಮರುದಿನ ಕೇಂದ್ರದಲ್ಲಿ ಬೈಯುವುದಿಲ್ಲ, ಸಮಾಧಾನದಲ್ಲೇ ಮುಗಿಸುವುದೂ ಇಲ್ಲ. ನಡೆದದ್ದನ್ನು ಸರಪಳಿಯಂತೆ ಬಿಡಿಸುತ್ತಾರೆ. ಒಂದು ಕಾಲ್ಪನಿಕ ಉದಾಹರಣೆ ನೋಡಿ. ಹದಿನೈದರ ಹುಡುಗಿ, ಗುರುವಾರ ಸಂಜೆ.

ಹಿಂದಿನ ರಾತ್ರಿ ನಾಲ್ಕು ಗಂಟೆ ನಿದ್ದೆ, ಬೆಳಗಿನಿಂದ ಊಟವಿಲ್ಲ. ಐದೂವರೆಗೆ ಫೋನ್ ನೋಡಿದಾಗ ಗೆಳತಿಯರು ಅವಳನ್ನು ಬಿಟ್ಟು ಬೇರೆ ಗುಂಪು ಮಾಡಿಕೊಂಡದ್ದು ಗೊತ್ತಾಯಿತು. ‘ನಾನು ಯಾರಿಗೂ ಬೇಡ’ ಎಂಬ ಯೋಚನೆ ಬಂತು. ಸಂಕಟ ನೂರಕ್ಕೆ ನಲವತ್ತು. ಆರು ಗಂಟೆಗೆ ಅಮ್ಮ ಒಳಗೆ ಬಂದು ಟೆಸ್ಟಿನ ಅಂಕ ಕೇಳಿದರು. ಕೂಗಾಟ. ಸಂಕಟ ತೊಂಬತ್ತು. ಬಾಗಿಲು ಹಾಕಿಕೊಂಡು ಕೈಗೆ ಗಾಯ ಮಾಡಿಕೊಂಡಳು. ಹತ್ತು ನಿಮಿಷ ಹಗುರ ಅನಿಸಿತು. ಅಮ್ಮ ನೋಡಿ ಅತ್ತರು, ತಬ್ಬಿಕೊಂಡರು. ಅಂಕದ ಮಾತು ಮತ್ತೆ ಏಳಲಿಲ್ಲ.

ಈಗ ಪ್ರತಿ ಕೊಂಡಿಯಲ್ಲೂ ‘ಇಲ್ಲಿ ಬೇರೆ ಏನು ಮಾಡಬಹುದಿತ್ತು?’ ಎಂದು ಕೇಳುತ್ತಾರೆ. ನಿದ್ದೆ ಮತ್ತು ಊಟ ಮೊದಲ ಕೊಂಡಿ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ನಾಲ್ಕು ಗಂಟೆ ಮಲಗಿದ ಮೈಗೆ ಸಣ್ಣ ಮಾತೂ ದೊಡ್ಡ ಪೆಟ್ಟು. ನಲವತ್ತರಲ್ಲಿದ್ದಾಗಲೇ ತಣ್ಣೀರಿನ ಕ್ರಮ ಮಾಡಬಹುದಿತ್ತು, ತೊಂಬತ್ತಕ್ಕೆ ಏರಿದ ಮೇಲೆ ಅದು ನೆನಪಿಗೂ ಬರುವುದಿಲ್ಲ. ಕೊನೆಯ ಕೊಂಡಿ ಅಮ್ಮನಿಗೆ ಸಂಬಂಧಿಸಿದ್ದು, ಅದನ್ನು ಬಹಳ ಮೃದುವಾಗಿ ಹೇಳಬೇಕು. ಮಾತಿನಲ್ಲಿ ಕೇಳಿದಾಗ ಸಿಗದ ಅಪ್ಪುಗೆ ಗಾಯವಾದಾಗ ಸಿಕ್ಕಿತು, ಬೇಡದ ಪ್ರಶ್ನೆ ಗಾಯದಿಂದಾಗಿ ನಿಂತಿತು. ಮಗು ಇದನ್ನು ಲೆಕ್ಕ ಹಾಕಿ ಮಾಡುವುದಿಲ್ಲ, ಆದರೆ ಮಿದುಳು ಕಲಿತುಬಿಡುತ್ತದೆ. ಹಾಗಾಗಿ ಗಾಯವಾದಾಗ ಶಾಂತವಾಗಿ ಶುಶ್ರೂಷೆ ಮಾಡಿ, ಸಂಕಟದ ಹೊತ್ತಿನಲ್ಲಿ ಏನು ಮಾಡಬೇಕೆಂದು ಮೊದಲೇ ಬರೆದಿಟ್ಟ ಸುರಕ್ಷಾ ಯೋಜನೆ ತೆಗೆಯುವುದು. ಅಪ್ಪುಗೆ, ಕಿವಿಗೊಡುವುದು, ಜೊತೆಗಿರುವುದು ಗಾಯವಿಲ್ಲದ ದಿನಗಳಲ್ಲಿ ದುಪ್ಪಟ್ಟು ಸಿಗುವಂತೆ ನೋಡಿಕೊಳ್ಳುವುದು.

ಒಂದೇ ಹಾಳೆಯ ಸುರಕ್ಷಾ ಯೋಜನೆ

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗೊರಿ ಬ್ರೌನ್ ರೂಪಿಸಿದ ಈ ಯೋಜನೆಗೆ ಆರು ಹಂತ. ಅಪಾಯ ಹತ್ತಿರವಾಗುತ್ತಿದೆ ಎಂಬ ಸೂಚನೆಗಳು. ಯಾರ ಸಹಾಯವೂ ಇಲ್ಲದೆ ತಾನೇ ಮಾಡಿಕೊಳ್ಳಬಹುದಾದದ್ದು. ಮನಸ್ಸು ಬೇರೆಡೆ ಹೊರಳಿಸುವ ಜನ ಮತ್ತು ಜಾಗ. ಬಾಯಿಬಿಟ್ಟು ಸಹಾಯ ಕೇಳಬಹುದಾದ ಆಪ್ತರು. ವೈದ್ಯರು, ಸಹಾಯವಾಣಿ, ತುರ್ತು ಚಿಕಿತ್ಸೆಯ ಸಂಖ್ಯೆಗಳು. ಕೊನೆಯದು, ಮನೆಯನ್ನು ಸುರಕ್ಷಿತವಾಗಿಸುವುದು.

ಇದು ಕೆಲಸ ಮಾಡುವುದೂ ಮಾಡದಿರುವುದೂ ಬರೆಯುವ ರೀತಿಯ ಮೇಲೆ ನಿಂತಿದೆ. ‘ಬೇಜಾರಾದಾಗ’ ಎಂದು ಬರೆದರೆ ಅದು ಸೂಚನೆಯಲ್ಲ. ‘ರೂಮಿನ ಲೈಟ್ ಆರಿಸಿ, ಹಳೆಯ ಮೆಸೇಜುಗಳನ್ನು ಮೊದಲಿನಿಂದ ಓದಲು ಶುರುಮಾಡಿದಾಗ’ ಎಂದರೆ ಸೂಚನೆ. ‘ಯಾರನ್ನಾದರೂ ಮಾತಾಡಿಸುತ್ತೇನೆ’ ಸಾಲದು, ಹೆಸರು ಮತ್ತು ಫೋನ್ ಸಂಖ್ಯೆ ಬೇಕು. ಅಕ್ಷರ ಮಗುವಿನದೇ ಆಗಿರಬೇಕು. ಅದರ ಫೋಟೊ ಮಗುವಿನ ಫೋನಿನಲ್ಲೂ ಹೆತ್ತವರ ಫೋನಿನಲ್ಲೂ ಇರಬೇಕು. ‘ಸಾಯುವುದಿಲ್ಲ ಅಂತ ಆಣೆ ಮಾಡು’ ಎಂದು ಮಾತು ತೆಗೆದುಕೊಳ್ಳುವ ಪದ್ಧತಿಯಿಂದ ರಕ್ಷಣೆ ಸಿಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಏನು ಮಾಡಬಾರದು ಎಂದಷ್ಟೇ ಅದು ಹೇಳುತ್ತದೆ, ಏನು ಮಾಡಬೇಕು ಎಂದು ಹೇಳುವುದಿಲ್ಲ. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ತುರ್ತು ವಿಭಾಗಕ್ಕೆ ಬಂದ ವಯಸ್ಕರಿಗೆ ಈ ಯೋಜನೆಯ ಜೊತೆ ಫೋನ್ ವಿಚಾರಣೆಯನ್ನೂ ಕೊಟ್ಟಾಗ ಮುಂದಿನ ಆರು ತಿಂಗಳಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ವರ್ತನೆ ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು.

ಆರನೆಯ ಹಂತ ಹೆತ್ತವರದು, ಮೊದಲ ಸಂಜೆಯೇ ಮುಗಿಸಬೇಕಾದದ್ದು. ಮನೆಯಲ್ಲಿರುವ ಎಲ್ಲರ ಮಾತ್ರೆಗಳು, ವಿಷದ ವಸ್ತುಗಳು, ಹರಿತವಾದ ಸಾಮಾನು, ಬಂದೂಕಿದ್ದರೆ ಅದು ಕೂಡ ಬೀಗದೊಳಗೆ ಹೋಗಬೇಕು, ಇಲ್ಲವೇ ಮನೆಯಿಂದಲೇ ಆಚೆ. ಅಜ್ಜಿಯ ಮಾತ್ರೆ ಡಬ್ಬಿಯನ್ನು ಮರೆಯುವವರೇ ಹೆಚ್ಚು. ಸಾಯುವ ಸೆಳೆತದ ತುತ್ತತುದಿ ಎಷ್ಟೋ ಸಲ ನಿಮಿಷಗಳಷ್ಟು ಹೊತ್ತಿನದು. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಂತೆ ನೋಡಿಕೊಂಡರೆ ಮಗು ಆ ಗಳಿಗೆಯನ್ನು ದಾಟುತ್ತದೆ.

ಶಾಲೆಗೆ ಹೋಗಲಾಗದ ಮಗುವಿಗೆ

ಬೆಳಗ್ಗೆ ಹೊಟ್ಟೆನೋವು, ವಾಂತಿ, ನಡುಕ. ‘ಇವತ್ತೊಂದು ದಿನ ಮನೆಯಲ್ಲಿರಲಿ’ ಅಂದ ಅರ್ಧ ಗಂಟೆಗೆ ಎಲ್ಲ ಮಾಯ. ಇದನ್ನು ನಾಟಕ ಅನ್ನಬೇಡಿ. ಭಯದಿಂದ ತಪ್ಪಿಸಿಕೊಂಡಾಗ ಸಿಗುವ ನಿರಾಳತೆ ಅದು, ಮತ್ತು ಆ ನಿರಾಳತೆಯೇ ನಾಳಿನ ಭಯವನ್ನು ಬೆಳೆಸುತ್ತದೆ.

ಐಒಪಿಯಲ್ಲಿ ಮಗುವಿನ ಜೊತೆ ಕೂತು ಒಂದು ಪಟ್ಟಿ ಮಾಡುತ್ತಾರೆ. ಪ್ರತಿ ಸಾಲಿಗೂ 0ಯಿಂದ 100ರವರೆಗೆ ಭಯದ ಅಂಕ. ಸಮವಸ್ತ್ರ ತೊಟ್ಟು ಮನೆಯಲ್ಲೇ ಒಂದು ಗಂಟೆ ಇರುವುದು 20. ಶಾಲೆ ಬಿಟ್ಟ ಮೇಲೆ ಗೇಟಿನವರೆಗೆ ಹೋಗಿ ನಿಲ್ಲುವುದು 35. ಖಾಲಿ ತರಗತಿಯಲ್ಲಿ ಹತ್ತು ನಿಮಿಷ ಕೂರುವುದು 50. ಇಷ್ಟದ ವಿಷಯದ ಒಂದು ಪಿರಿಯಡ್ 65. ಮಧ್ಯಾಹ್ನದವರೆಗೆ 80. ಇಡೀ ದಿನ 95. 30–40ರ ಸುಮಾರಿನಿಂದ ಶುರುಮಾಡಿ, ಒಂದೇ ಮೆಟ್ಟಿಲನ್ನು ಮತ್ತೆ ಮತ್ತೆ ಮಾಡಿ, ‘ಹೆದರಿಕೆ ಆದರೂ ಇಲ್ಲಿ ಇರಬಲ್ಲೆ’ ಎಂಬುದು ಮಗುವಿಗೆ ಅನುಭವಕ್ಕೆ ಬಂದ ಮೇಲೆ ಮುಂದಿನದು. ತಪ್ಪಾಗುವ ಜಾಗ ಸಾಮಾನ್ಯವಾಗಿ ಒಂದೇ: ಭಯ ತುದಿಗೇರಿದ ಕ್ಷಣದಲ್ಲಿ ದೊಡ್ಡವರು ಕರಗಿ, ಮನೆಗೆ ಕರೆತಂದುಬಿಡುವುದು. ಗೇಟಿನಲ್ಲಿ ಇನ್ನೂ ಐದು ನಿಮಿಷ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರೂ ಸಾಕಿತ್ತು.

ಮಗು ಶಾಲೆ ಬಿಡಲು ಅಲ್ಲಿ ಯಾರೋ ಹಿಂಸಿಸುತ್ತಿರುವುದು ಅಥವಾ ಗುರುತಿಸದೆ ಉಳಿದ ಕಲಿಕೆಯ ತೊಂದರೆ ಕಾರಣವಾಗಿದ್ದರೆ ಈ ಪಟ್ಟಿ ಮಗುವಿನ ಮೇಲೆ ಇನ್ನೊಂದು ಹಿಂಸೆ. ಮೊದಲು ಆ ಕಾರಣವನ್ನು ಸರಿಪಡಿಸಬೇಕು.

ಮಾತ್ರೆ ಬೇಕೇ?

ಎಲ್ಲರಿಗೂ ಬೇಡ. ಮಧ್ಯಮದಿಂದ ತೀವ್ರ ಖಿನ್ನತೆಯಲ್ಲಿ ಮಾತ್ರೆ ಮತ್ತು ಮಾತಿನ ಚಿಕಿತ್ಸೆ ಕೂಡಿದರೆ ಹೆಚ್ಚು ಫಲ. ಅಮೆರಿಕದಲ್ಲಿ 12ರಿಂದ 17 ವಯಸ್ಸಿನ 439 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹನ್ನೆರಡು ವಾರಗಳ ನಂತರ ಫ್ಲುವೊಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಮತ್ತು ಸಿಬಿಟಿ ಎರಡನ್ನೂ ಪಡೆದವರಲ್ಲಿ ಶೇ 71ರಷ್ಟು ಮಕ್ಕಳು ಸುಧಾರಿಸಿದ್ದರು. ಮಾತ್ರೆ ಮಾತ್ರ ಪಡೆದವರಲ್ಲಿ ಸುಮಾರು ಶೇ 61, ಸಿಬಿಟಿ ಮಾತ್ರ ಪಡೆದವರಲ್ಲಿ ಶೇ 43, ಔಷಧಿಯಿಲ್ಲದ ಹುಸಿ ಮಾತ್ರೆಯವರಲ್ಲಿ ಶೇ 35.

ಅದೇ 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗೆಯ ಮಾತ್ರೆಗಳ ಮೇಲೆ ಎಚ್ಚರಿಕೆ ಮುದ್ರಿಸಲು ಆದೇಶಿಸಿತು. ಮಕ್ಕಳ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಆತ್ಮಹತ್ಯೆಯ ಯೋಚನೆ ಅಥವಾ ವರ್ತನೆ ಮಾತ್ರೆ ಪಡೆದವರಲ್ಲಿ ಶೇ 4, ಹುಸಿ ಮಾತ್ರೆ ಪಡೆದವರಲ್ಲಿ ಶೇ 2 ಇತ್ತು. ಆ ಪ್ರಯೋಗಗಳಲ್ಲಿ ಯಾರೂ ಆತ್ಮಹತ್ಯೆ ಮಾಡಿಕೊಂಡಿರಲಿಲ್ಲ. ಹಾಗಾಗಿ ಮಾತ್ರೆ ಶುರುಮಾಡಿದ, ಡೋಸ್ ಬದಲಿಸಿದ ಮೊದಲ ವಾರಗಳಲ್ಲಿ ಮಗುವನ್ನು ಹತ್ತಿರದಿಂದ ನೋಡಬೇಕು. ಹೊಸದಾಗಿ ಚಡಪಡಿಕೆ, ನಿದ್ದೆಗೇಡು, ಸಿಡುಕು ಕಂಡರೆ ಮುಂದಿನ ಭೇಟಿಗೆ ಕಾಯದೆ ಅಂದೇ ತಿಳಿಸಬೇಕು. ವಾರಕ್ಕೆ ಮೂರು ದಿನ ಮಗುವನ್ನು ನೋಡುವ ತಂಡ ಇರುವುದು ಇಲ್ಲಿ ದೊಡ್ಡ ಅನುಕೂಲ. ಪೂರ್ಣ ಪರಿಣಾಮಕ್ಕೆ ನಾಲ್ಕರಿಂದ ಆರು ವಾರ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು.

ಹೆತ್ತವರಿಗೆ ಪಾಠ ಯಾಕೆ?

ಮಗುವಿನ ಆತಂಕಕ್ಕೆ ಮನೆ ನಿಧಾನವಾಗಿ ಒಗ್ಗಿಕೊಂಡಿರುತ್ತದೆ. ಅಂಗಡಿಯವರ ಜೊತೆ ಮಗುವಿನ ಪರವಾಗಿ ಅಪ್ಪ ಮಾತಾಡುತ್ತಾರೆ, ಗೀಳಿರುವ ಮಗು ‘ಕೈ ಶುದ್ಧ ಇದೆಯಾ?’ ಎಂದು ಇಪ್ಪತ್ತು ಸಲ ಕೇಳಿದರೆ ಅಮ್ಮ ಇಪ್ಪತ್ತು ಸಲವೂ ಉತ್ತರ ಕೊಡುತ್ತಾರೆ. ಪ್ರೀತಿಯಿಂದಲೇ ಮಾಡುವ ಈ ಸಹಾಯ ಕಾಯಿಲೆಗೆ ಗೊಬ್ಬರವಾಗುತ್ತದೆ. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಹೆತ್ತವರಿಗೆ ಮಾತ್ರ ತರಬೇತಿ ಕೊಡುವ ವಿಧಾನ ರೂಪಿಸಿದರು. 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆತಂಕವಿರುವ ಮಕ್ಕಳಿಗೆ ಅದರ ಫಲ ಮಕ್ಕಳಿಗೇ ನೇರವಾಗಿ ಸಿಬಿಟಿ ಕೊಟ್ಟದ್ದಕ್ಕಿಂತ ಕಡಿಮೆಯಿರಲಿಲ್ಲ. ಅಲ್ಲಿ ಕಲಿಸುವ ಮಾತಿಗೆ ಎರಡು ಭಾಗ: ‘ನಿನಗೆ ತುಂಬ ಕಷ್ಟ ಆಗ್ತಿದೆ ಅಂತ ನನಗೆ ಗೊತ್ತು. ನೀನು ಇದನ್ನು ತಡ್ಕೋಬಲ್ಲೆ ಅಂತಲೂ ನನಗೆ ಗೊತ್ತು.’ ಮೊದಲ ಭಾಗ ಮಾತ್ರ ಹೇಳಿದರೆ ಮಗು ಇನ್ನಷ್ಟು ಅಂಟಿಕೊಳ್ಳುತ್ತದೆ, ಎರಡನೆಯದಷ್ಟೇ ಹೇಳಿದರೆ ದೂರ ಸರಿಯುತ್ತದೆ.

ಎಲ್ಲಿ ಎಡವುತ್ತದೆ?

ಹಾಜರಿಯಲ್ಲಿ. ಎಂಟು ವಾರ, ವಾರಕ್ಕೆ ಮೂರು ದಿನ ಎಂದರೆ 24 ದಿನ. ಆರು ದಿನ ತಪ್ಪಿದರೆ ಕಾಲು ಭಾಗ ಹೋಯಿತು. ಓಡಾಟ, ಹೆತ್ತವರ ಕೆಲಸದ ವೇಳೆ, ಪರೀಕ್ಷೆ ಇವು ರೋಗಕ್ಕಿಂತ ಹೆಚ್ಚು ಅಡ್ಡಿ. ದೂರವಿರುವವರಿಗೆ ವಿಡಿಯೊ ಮೂಲಕ ನಡೆಸುವ ಐಒಪಿ ಇದೆ. ಆದರೆ ಅದಕ್ಕೆ ಮನೆಯಲ್ಲಿ ಬಾಗಿಲು ಮುಚ್ಚಬಹುದಾದ ಕೋಣೆ, ಕರೆದರೆ ಬರುವಷ್ಟು ಹತ್ತಿರದಲ್ಲಿ ಒಬ್ಬ ದೊಡ್ಡವರು, ಮತ್ತು ಮಗು ಆ ದಿನ ಎಲ್ಲಿದೆ ಎಂಬ ವಿಳಾಸ ಚಿಕಿತ್ಸಕರ ಬಳಿ ಇರಲೇಬೇಕು.

ಗುಂಪಿನಲ್ಲೂ ಎಡವುತ್ತದೆ. ಹದಿಹರೆಯದವರು ಒಬ್ಬರಿಂದೊಬ್ಬರು ಬೇಗ ಕಲಿಯುತ್ತಾರೆ, ಒಳ್ಳೆಯದನ್ನೂ ಕೆಟ್ಟದ್ದನ್ನೂ. ‘ನನ್ನದೇ ಹೆಚ್ಚು ಗಂಭೀರ’ ಎಂಬ ಪೈಪೋಟಿ ಶುರುವಾದರೆ ಗುಂಪು ವಿಷವಾಗುತ್ತದೆ. ಆದ್ದರಿಂದ ಒಳ್ಳೆಯ ಕೇಂದ್ರಗಳಲ್ಲಿ ನಿಯಮ ಗಟ್ಟಿ: ಗಾಯ ತೋರಿಸುವಂತಿಲ್ಲ, ಹೇಗೆ ಮಾಡಿಕೊಂಡೆ ಎಂದು ವಿವರಿಸುವಂತಿಲ್ಲ, ತೂಕದ ಸಂಖ್ಯೆ ಹೇಳುವಂತಿಲ್ಲ, ಚಿಕಿತ್ಸೆ ನಡೆಯುತ್ತಿರುವಾಗ ಹೊರಗೆ ಪರಸ್ಪರ ಸಂಪರ್ಕ ಬೇಡ. ಹನ್ನೊಂದರ ಮಗುವನ್ನು ಹದಿನೇಳರವರ ಜೊತೆ ಕೂರಿಸುವುದೂ ತಪ್ಪು.

ಎಲ್ಲಕ್ಕಿಂತ ದೊಡ್ಡ ತಪ್ಪು, ಎಂಟು ವಾರದಲ್ಲಿ ಮಗು ‘ಮೊದಲಿನಂತೆ’ ಆಗುತ್ತದೆ ಎಂಬ ನಿರೀಕ್ಷೆ. ಈ ಚಿಕಿತ್ಸೆಯ ಗುರಿ ಸಣ್ಣದು, ಅಳೆಯಬಹುದಾದದ್ದು: ಅಪಾಯ ಇಳಿಯಬೇಕು, ನಿದ್ದೆ ಊಟ ಶಾಲೆ ಮತ್ತೆ ಹಳಿಗೆ ಬರಬೇಕು, ಸಂಕಟ ಬಂದಾಗ ಮಾಡಬೇಕಾದ ಮೂರು ನಾಲ್ಕು ಕ್ರಮ ಮಗುವಿನ ಕೈಗೆ ಹತ್ತಿರಬೇಕು. ಆಳದ ಗಾಯಗಳ ಕೆಲಸ ಆಮೇಲೆ, ವಾರಕ್ಕೊಮ್ಮೆಯ ಚಿಕಿತ್ಸೆಯಲ್ಲಿ ನಡೆಯುತ್ತದೆ.

ಸೇರಿಸುವ ಮುನ್ನ, ಮುಗಿಯುವ ಮುನ್ನ

ಕೇಂದ್ರದವರನ್ನು ಕೇಳಿ: ಯಾವ ವಿಧಾನ ಬಳಸುತ್ತೀರಿ? ಅಂಕಗಳನ್ನು ಎಷ್ಟು ದಿನಕ್ಕೊಮ್ಮೆ ನೋಡುತ್ತೀರಿ, ನಮಗೂ ತೋರಿಸುತ್ತೀರಾ? ಮಕ್ಕಳ ಮನೋವೈದ್ಯರು ಮಗುವನ್ನು ಯಾವಾಗ ನೋಡುತ್ತಾರೆ? ರಾತ್ರಿ ಹನ್ನೊಂದಕ್ಕೆ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು? ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಇಲ್ಲದ ಕಡೆ ಮಗುವನ್ನು ಸೇರಿಸುವ ಮೊದಲು ಎರಡು ಸಲ ಯೋಚಿಸಿ.

ಮುಗಿಸುವ ತಯಾರಿ ಕೊನೆಯ ದಿನದ ಕೆಲಸವಲ್ಲ. ಒಳ್ಳೆಯ ತಂಡ ಮೊದಲ ವಾರವೇ ಮುಂದಿನ ಚಿಕಿತ್ಸಕರನ್ನು ಹುಡುಕಲು ಹೇಳುತ್ತದೆ, ಏಕೆಂದರೆ ಮಕ್ಕಳ ಚಿಕಿತ್ಸಕರ ಬಳಿ ಕಾಯುವ ಪಟ್ಟಿ ಉದ್ದ. ಕೊನೆಯ ಎರಡು ವಾರ ಮೂರು ದಿನ ಎರಡಾಗಿ, ಎರಡು ಒಂದಾಗಿ ಇಳಿಯುತ್ತದೆ. ಈ ಹೊತ್ತಿನಲ್ಲಿ ಲಕ್ಷಣಗಳು ತುಸು ಹೆಚ್ಚುವುದು ಸಾಮಾನ್ಯ, ಆಸರೆ ಕೈಬಿಡುತ್ತಿರುವ ಭಯ ಅದು. ಅದಕ್ಕೇ ಮುಂದಿನ ಚಿಕಿತ್ಸಕರ ಜೊತೆ ಮೊದಲ ಭೇಟಿ ಐಒಪಿ ಇನ್ನೂ ನಡೆಯುತ್ತಿರುವಾಗಲೇ ಆಗಬೇಕು. ತೀರಾ ಆಗದಿದ್ದರೆ ಮುಗಿದ ಏಳು ದಿನದೊಳಗೆ. ಶಾಲೆಯವರ ಜೊತೆ ಒಂದು ಸಭೆಯೂ ಬೇಕು: ಬಾಕಿ ಪಾಠಗಳನ್ನು ಎಷ್ಟಕ್ಕೆ ಇಳಿಸುತ್ತಾರೆ, ಸಂಕಟವಾದಾಗ ಮಗು ಯಾವ ಶಿಕ್ಷಕರ ಬಳಿ ಹೋಗಬಹುದು, ‘ಇಷ್ಟು ದಿನ ಎಲ್ಲಿದ್ದೆ?’ ಎಂದು ಗೆಳೆಯರು ಕೇಳಿದರೆ ಏನು ಹೇಳಬೇಕು. ಈ ಮೂರನೆಯದಕ್ಕೆ ಮಗು ತಾನೇ ಒಂದು ವಾಕ್ಯ ಆರಿಸಿಕೊಂಡು, ಗುಂಪಿನಲ್ಲಿ ನಾಲ್ಕಾರು ಸಲ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಕೊಂಡೇ ಶಾಲೆಯ ಗೇಟು ದಾಟುತ್ತದೆ.